ಅಕ್ಕನ ಕೈಗುಣ

ಅಕ್ಕಾ,

ಒಂದು ಜೋಡಿ ಮೊಲ ಸಾಕಿದರೆ ವರ್ಷದೊಳಗೆ ಮನೆ ತುಂಬಾ ಮರಿ ಎಂಬ ಕಥೆಯನ್ನು ಮೊದಲು ಹೇಳಿದವನು ಮೊಲ ಮಾರುವವನು, ಹೋದ ಬೇಸಿಗೆಯಲ್ಲಿ, ನಮ್ಮ ಜಗಲಿಯ ಮೇಲೆ ಕೂತು. ಅದನ್ನು ಅವನಿಗಿಂತ ಚೆನ್ನಾಗಿ ಬೀದಿಗೆಲ್ಲ ಹೇಳಿದವನು ನಾನು. ನೀನು ಹೊಲಿಗೆ ಯಂತ್ರ ಮಾರಿ ಆರು ಜೋಡಿ ತಂದೆ.

ಮರಿಯೇ ಆಗಲಿಲ್ಲ. ಮೊಲಗಳು ಕಚ್ಚಾಡಿದರೆ ನೀನು, "ಹೊಸ ಸಂಸಾರ, ಹೊಂದ್ಕೊಳ್ತವೆ ಬಿಡೋ" ಎಂದು ನಗುತ್ತಿದ್ದೆ. ಬರಬರುತ್ತಾ ನಗು ನಿಂತು, "ನನ್ನ ಕೈಗುಣವೇ ಸರಿಯಿಲ್ಲ" ಅನ್ನತೊಡಗಿದೆ. ಎದುರುಮನೆಯಾಕೆಯೂ ಹಾಗೇ ಅಂದಳು. ಆಗ ನಾನು ಪಕ್ಕದಲ್ಲೇ ಇದ್ದೆ.

ನೀನು ತೀರಿಕೊಂಡು ಮೂರು ತಿಂಗಳಾಯಿತು. ಮೊನ್ನೆ ಒಂದು ಮೊಲದ ಗಾಯ ನೋಡಲು ಬಂದ ಪಶುವೈದ್ಯರು ಹನ್ನೆರಡನ್ನೂ ಮಗುಚಿ ನೋಡಿ, "ಎಲ್ಲಾ ಗಂಡೇ ಕಣಪ್ಪಾ" ಅಂದರು. ಮಾರಿದವನ ಅಂಗಡಿಗೆ ಓಡಿದೆ.

"ಜೋಡಿ ಕೊಡ್ತೀನಿ ಅಂದೆ, ಕೊಟ್ಟೆ. ಜೋಡಿ ಅಂದ್ರೆ ಎರಡು. ಗಂಡ ಹೆಂಡ್ತಿ ಅಂದಿದ್ನಾ?" ಅಂದ.

ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಿನ್ನ ಕೋಣೆಗೆ ಹೋಗುತ್ತೇನೆ, ಬರುತ್ತೇನೆ. ಎರಡು ಸಲ "ಅಕ್ಕಾ" ಎಂದು ಕೂಗಿಯೂ ಬಿಟ್ಟೆ. ನಿನ್ನೆ ಸಂಜೆ ಬೀದಿಯವರನ್ನು ಜಗಲಿಯಲ್ಲಿ ಕೂರಿಸಿಕೊಂಡು ಈ ಕಥೆಯನ್ನೂ ಹೇಳಿದೆ.

ಇವತ್ತು ಬೆಳಗಾಗುತ್ತಲೇ, ನನ್ನ ಮಾತು ನಂಬಿ ಮೊಲ ಕೊಂಡವರೆಲ್ಲ ಗೂಡು ತೆಗೆದು ಒಂದೊಂದನ್ನೇ ಮಗುಚಿ ನೋಡುತ್ತಿದ್ದರು. ಎದುರುಮನೆಯಾಕೆ ಮಾತ್ರ ನಿನ್ನ ಕೋಣೆಯ ಬಾಗಿಲಿಗೆ ಬಂದಳು. ನನ್ನ ಕಡೆ ತಿರುಗಲೂ ಇಲ್ಲ. ಒಳಗಿದ್ದ ನಿನ್ನ ಮೊಲದ ಗೂಡುಗಳನ್ನೇ ನೋಡುತ್ತಾ, "ನಿನ್ನ ಕೈಗುಣ ಚೆನ್ನಾಗೇ ಇತ್ತು ಕಣೇ" ಎಂದು ಹೇಳಿ ಹೋದಳು.