ಶುಕ್ರವಾರದ ಪಾಳಿ

ಮಕ್ಕುಮ್
14 ನವೆಂಬರ್ 2008, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಡೌವೆ,

ಈ 'ಪ್ರೀತಿಯ' ಮೂವತ್ತೊಂದು ವರ್ಷ ನಿನ್ನ ಹೆಂಡತಿಯಾಗಿದ್ದ ಅಭ್ಯಾಸದಿಂದ ಬಂದದ್ದು. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆಂದು ಹಾಗೇ ಬಿಟ್ಟಿದ್ದೇನೆ.

ನಿನ್ನ ಪತ್ರ ತಲುಪಿತು. ಎರಡು ವರ್ಷದ ಹಿಂದೆ ಯಾರಿಗಾಗಿ ಮನೆ ಬಿಟ್ಟೆಯೋ ಆ ಹಾರ್ಲಿಂಗನ್‌ನವಳು ನಿನ್ನನ್ನು ಹೊರಗೆ ಹಾಕಿದಳೆಂದೂ, ಈಗ ನಮ್ಮೂರ ಬಂದರಿನಲ್ಲಿ ಕಟ್ಟಿದ ದೋಣಿಯಲ್ಲೇ ವಾಸವೆಂದೂ, ಕತ್ತಲಾದರೆ ಒಬ್ಬನಿಗೇ ಭಯದಿಂದ ಎದೆ ಹೊಡೆದುಕೊಳ್ಳುತ್ತದೆಂದೂ, ಮನೆಗೆ ಮರಳಲೇ ಎಂದೂ ಬರೆದಿದ್ದೀಯ. ಕೊನೆಗೆ "ಯಾರಿಗೂ ಹೇಳ್ಬೇಡ, ಮಾನ ಹೋಗುತ್ತೆ" ಎಂದು ಬರೆದು ಅದರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೀಯ. ನಾಲ್ಕು ಸಲ ಓದಿದೆ. ಹೊಟ್ಟೆ ತಣ್ಣಗಾಯಿತು.

ನೀನು ಸರಕಿನ ಹಡಗಿನಲ್ಲಿ ರೈನ್ ನದಿಯ ಮೇಲಿರುತ್ತಿದ್ದ ವಾರಗಳಲ್ಲಿ ನಾನು ಹೇಗೆ ಮಲಗುತ್ತಿದ್ದೆನೆಂದು ನಿನಗೆ ಗೊತ್ತು. ಅಡಿಗೆಮನೆಯ ಬಾಗಿಲಿಗೆ ಕುರ್ಚಿ ಒತ್ತಿಟ್ಟು, ರೇಡಿಯೋ ಹಾಕಿ, ಎಲ್ಲ ಕೋಣೆಗಳ ದೀಪ ಉರಿಸಿ, ಕಣ್ಣು ಬಿಟ್ಟುಕೊಂಡೇ. ಇದನ್ನು ನಿನಗೊಬ್ಬನಿಗೇ ಹೇಳಿಕೊಂಡಿದ್ದೆ. ನೀನು ಅದನ್ನು ಹುಟ್ಟುಹಬ್ಬಗಳಿಗೆ ಹೊತ್ತುಕೊಂಡು ಹೋದೆ. ನಿಮ್ಮವರೆಲ್ಲ ಸುತ್ತ ಹಾಕಿದ ಕುರ್ಚಿಗಳಲ್ಲಿ ಕಾಫಿ, ಕೇಕು ಹಿಡಿದು ಕೂತಿರುವಾಗ "ನಮ್ಮ ರೆನ್ಸ್ಕೆ ರೇಡಿಯೋನೇ ಗಂಡ ಅಂತ ತಬ್ಕೊಂಡು ಮಲಗ್ತಾಳೆ" ಅನ್ನುತ್ತಿದ್ದೆ. ಒಮ್ಮೆ ಒಂದು ದಿನ ಮೊದಲೇ ಬಂದವನು, ಬಾಗಿಲು ತಟ್ಟದೆ ಹಿತ್ತಿಲಿಗೆ ಹೋಗಿ ಕಿಟಕಿಯ ಗಾಜನ್ನು ಉಗುರಿನಿಂದ ಕೆರೆದೆಯಲ್ಲ, ಆ ರಾತ್ರಿ ನನ್ನ ಬಟ್ಟೆ ಒದ್ದೆಯಾದದ್ದನ್ನೂ ಅವರ ಮುಂದೆ ಹೇಳಿದೆ. ನಿನ್ನ ಅಕ್ಕ ಆಲ್ಚೆ ನಕ್ಕೂ ನಕ್ಕೂ ತಟ್ಟೆ ಬೀಳಿಸಿದಳು. ನಾನು ಬಗ್ಗಿ ಕೇಕಿನ ಚೂರು ಆಯ್ದೆ. ಅದಕ್ಕೆ ನಿನ್ನನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಅದಕ್ಕೇ ಕಳೆದ ಶನಿವಾರ ಆಲ್ಚೆಯ ಅರವತ್ತನೆಯ ಹುಟ್ಟುಹಬ್ಬಕ್ಕೆ ನಿನ್ನ ಪತ್ರವನ್ನು ಚೀಲದಲ್ಲಿಟ್ಟುಕೊಂಡು ಹೋದೆ. ನೀನಂತೂ ಮುಖ ತೋರಿಸಲಾರದೆ ದೋಣಿಯಲ್ಲೇ ಉಳಿದಿದ್ದೆ. ಎರಡನೆಯ ಕಾಫಿ ಬಂದಾಗ ಕನ್ನಡಕ ಹಾಕಿಕೊಂಡು ಎಲ್ಲರಿಗೂ ಕೇಳುವಂತೆ ಓದಿದೆ, ಮಾನದ ಸಾಲನ್ನೂ ಸೇರಿಸಿ. ಓದಿ ಮುಗಿಸಿ, ಇನ್ನು ನಗುತ್ತಾರೆ ಎಂದು ಕಾದೆ.

ಯಾರೂ ನಗಲಿಲ್ಲ. ಆಲ್ಚೆ ಕಣ್ಣೊರೆಸಿಕೊಂಡು, "ಪಾಪ ಕಣೇ, ಒಬ್ನೇ ಹೆಂಗಿರ್ತಾನೆ ಆ ದೋಣೀಲಿ?" ಅಂದಳು. ಅವಳ ಗಂಡ ವೀಟ್ಸೆ, ಅದೇ ನನ್ನನ್ನು ರೇಡಿಯೋರಾಣಿ ಎಂದು ಕರೆಯುತ್ತಿದ್ದ ಮಹಾನುಭಾವ, "ಗಂಡಸಿಗೆ ಹಿಂಗಾಗಿದೆ ಅಂದ್ರೆ ಹುಡುಗಾಟ ಅಲ್ಲ, ಡಾಕ್ಟ್ರಿಗೆ ತೋರಿಸ್ಬೇಕು" ಅಂದ. ಕೇಕು ಮುಗಿಯುವಷ್ಟರಲ್ಲಿ ಪಾಳಿಯ ಪಟ್ಟಿ ಸಿದ್ಧವಾಗಿತ್ತು: ಯಾವ ರಾತ್ರಿ ಯಾರು ನಿನ್ನ ಜೊತೆ ಮಲಗುವುದು, ಬಟಾಣಿ ಸೂಪು ಯಾರು ತರುವುದು. ಮೂವತ್ತೊಂದು ವರ್ಷ ನನಗೆ ಸಿಕ್ಕಿದ್ದು ನಗು. ನಿನಗೆ ಒಂದೇ ಸಂಜೆಗೆ ಸೂಪು. ನನಗೆ ಎಷ್ಟು ಉರಿಯಿತೆಂದರೆ ಕಾಫಿಯ ಬಟ್ಟಲನ್ನು ಮೇಜಿಗೆ ಕುಕ್ಕಿದೆ.

ಪಟ್ಟಿ ನನ್ನ ಕೈಗೂ ಬಂತು. ಶುಕ್ರವಾರ ಮಾತ್ರ ಖಾಲಿ ಇತ್ತು. ಎಲ್ಲರೂ ನನ್ನನ್ನೇ ನೋಡಿದರು. "ಬರಿಯೇ, ನಿಂಗೂ ಭಯ, ಅವ್ನಿಗೂ ಭಯ, ಇಬ್ರಿಗೂ ಒಳ್ಳೇದಾಯ್ತು" ಅಂದಳು ಆಲ್ಚೆ. ನಾನು ಪೆನ್ನು ತೆಗೆದು ದುಂಡಗೆ ನನ್ನ ಹೆಸರು ಬರೆದೆ. ಆ ಸಂಜೆಯೇ, ಪಟ್ಟಿಯ ಸುದ್ದಿ ಅವರಿಂದ ತಿಳಿದು, ನೀನು ಫೋನ್ ಮಾಡಿ "ಶುಕ್ರವಾರ ಕಾಯ್ತಿರ್ತೀನಿ" ಅಂದೆ. ದನಿಯಲ್ಲಿ ಅಳು ಇತ್ತು. ನಾನು ಆಗಲಿ ಅಂದೆ.

ಇವತ್ತು ಶುಕ್ರವಾರ. ನಾನು ಬರುವುದಿಲ್ಲ. ಈ ಪತ್ರ ನಿನ್ನ ಕೈಸೇರುವಷ್ಟರಲ್ಲಿ ನೀನು ಈ ರಾತ್ರಿಯನ್ನು ಕಳೆದಿರುತ್ತೀಯ. ಎಂಟಕ್ಕೆ ಕಾಫಿಗೆ ನೀರಿಟ್ಟಿರುತ್ತೀಯ, ಹತ್ತಕ್ಕೆ ಸಿಟ್ಟು ಬಂದಿರುತ್ತದೆ, ಹನ್ನೆರಡಾದ ಮೇಲೆ ಪ್ರತಿಯೊಂದು ಸದ್ದಿಗೂ ಎದ್ದು ಕೂತಿರುತ್ತೀಯ. ಎಲ್ಲ ನನಗೆ ಬಾಯಿಪಾಠ. ಫೋನಿನ ತಂತಿ ಕಿತ್ತಿಟ್ಟಿದ್ದೇನೆ. ಮನೆಗೆ ಮರಳಲೇ ಎಂದು ಕೇಳಿದ್ದೆಯಲ್ಲ, ಬೇಡ.

ನನ್ನ ಭಯ ಹೋಯಿತೇ ಎಂದೂ ಪತ್ರದಲ್ಲಿ ಕೇಳಿದ್ದೀಯ. ಹೋಗಿ ಬಹಳ ದಿನವಾಯಿತು. ಹಾಯಾಗಿ ಮಲಗುತ್ತೇನೆ.

ಇನ್ನು ನಿನ್ನವಳಲ್ಲದ,
ರೆನ್ಸ್ಕೆ

ತಾ.ಕ. (ಶನಿವಾರ ಬೆಳಿಗ್ಗೆ): ಹಾಯಾಗಿ ಮಲಗುತ್ತೇನೆ ಎಂದದ್ದು ಸುಳ್ಳು. ನೀನು ಹೋದಂದಿನಿಂದ ಒಂದು ರಾತ್ರಿಯೂ ದೀಪ ಆರಿಸಿಲ್ಲ. ನಿನ್ನೆ ರಾತ್ರಿ ಒಂದು ಗಂಟೆಗೆ, ನಿನ್ನ ಪಾಡನ್ನು ಕಣ್ಣಾರೆ ನೋಡಬೇಕೆನಿಸಿ ಸೈಕಲ್ ಹತ್ತಿ ಬಂದರಿಗೆ ಬಂದೆ. ನೀನು ಕಂಬಳಿ ಹೊದ್ದು ರಸ್ತೆಯ ಕಡೆಗೇ ನೋಡುತ್ತಾ ಕೂತಿದ್ದೆ. ನಾನು ಬಲೆಗಳ ರಾಶಿಯ ಹಿಂದೆ ಮುಕ್ಕಾಲು ಗಂಟೆ ನಿಂತಿದ್ದೆ. ಒಮ್ಮೆ ನೀನು "ರೆನ್ಸ್ಕೆ, ನೀನಾ?" ಎಂದು ಕೇಳಿದೆ. ನಾನು ಓಗೊಡಲಿಲ್ಲ. ಅಷ್ಟು ಹೊತ್ತು ಕಗ್ಗತ್ತಲಲ್ಲಿ ಒಬ್ಬಳೇ ನಿಂತಿದ್ದರೂ ನನಗೆ ಒಂದಿಷ್ಟೂ ಹೆದರಿಕೆಯಾಗಲಿಲ್ಲ ಎಂಬುದು ಮನೆಗೆ ಬಂದು ಸೈಕಲ್ಲಿಗೆ ಬೀಗ ಹಾಕುವಾಗ ಹೊಳೆಯಿತು. ಮುಂದಿನ ಶುಕ್ರವಾರಕ್ಕೂ ನನ್ನ ಹೆಸರೇ ಇರಲಿ.