ಗುಹೆ ಅಂದದ್ದು ನನಗೆ ಕೇಳಿಸಿತ್ತು

ಬನಹಟ್ಟಿ
ಮಂಗಳವಾರ, ೩ ಡಿಸೆಂಬರ್ ೨೦೨೪

ನನ್ನ ನಂದಾ,

ಅವ್ವನ ಹರಕೆ ನಿನ್ನ ಮೇಲಿರಲಿ. ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ನಿಮ್ಮಪ್ಪನ ಮಗ್ಗಗಳು ಮುಂಜಾನೆಯಿಂದ ಖಟಖಟ ಅನ್ನುತ್ತಲೇ ಇವೆ. ದಿನಾ ಫೋನಿನಲ್ಲಿ ಮಾತಾಡುವವಳಿಗೆ ಈ ಕಾಗದ ಯಾಕೆ ಎಂದು ನೀನು ನಗಬಹುದು. ಫೋನಿನಲ್ಲಿ ನೀನು "ಊಟ ಆತೇನಬೇ?" ಅನ್ನುತ್ತೀ, ನಾನು "ಆತವ್ವ" ಅನ್ನುತ್ತೇನೆ. ಅದರಾಚೆ ನನ್ನ ಬಾಯಿ ಏಳುವುದಿಲ್ಲ.

ನಿನ್ನ ತಂಗಿ ಶೈಲಾಳನ್ನು ನೋಡಲು ಮುಧೋಳದವರು ಬಂದ ದಿನ ನಿನ್ನ ಕಡೆಯಿಂದ ಫೋನು ಬಂದಿತ್ತು. ಮೊಬೈಲು ಅಪ್ಪನ ಹತ್ತಿರ ಇತ್ತು, ನನಗೆ ಗೊತ್ತೇ ಆಗಲಿಲ್ಲ ಎಂದು ನಿನಗೆ ಹೇಳಿದ್ದೆ. ನೀನು "ಹೋಗ್ಲಿ ಬಿಡಬೇ" ಅಂದೆ. ನಾನು ಹೇಳಿದ್ದು ಸುಳ್ಳು. ಫೋನು ನನ್ನ ಕೈಯಲ್ಲೇ ಇತ್ತು.

ನಿನ್ನ ಕೆಲಸದ ಬಗ್ಗೆ ನಾನು ಮಂದಿಗೆ ಏನು ಹೇಳುತ್ತಿದ್ದೆ ಎನ್ನುವುದು ನಿನಗೆ ಗೊತ್ತು: ಗೋವಾದಾಗ ಸಾಲಿ ಕಲಿಸ್ತಾಳ. ಮುರ್ಡೇಶ್ವರದ ಸಮುದ್ರದಲ್ಲಿ ಮುಳುಗಲು ಕಲಿತವಳು ಈಗ ಮೆಕ್ಸಿಕೋದ ಅಡವಿಯಲ್ಲಿ, ನೀರು ತುಂಬಿದ ಗುಹೆಗಳಿಗೆ ಇಳಿದು ನಕ್ಷೆ ಮಾಡುತ್ತಾಳೆ ಎಂದರೆ ಇಲ್ಲಿ ಯಾರಿಗೆ ತಿಳಿದೀತು? ಇದೂ ನೆಪವೇ. ಮೈಗಂಟಿದ ರಬ್ಬರ್ ಉಡುಪು ತೊಟ್ಟು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಗಂಡಸರ ನಡುವೆ ನಿಂತ ಫೋಟೊ ಕಳಿಸಿದ್ದೆಯಲ್ಲ, ಯಾರಾದರೂ ನೋಡ್ಯಾರು ಎಂದು ಅದನ್ನು ಅಳಿಸಿದವಳು ನಾನೇ.

ಅವತ್ತು ಹುಡುಗನ ತಾಯಿ ಸಾತವ್ವ ನನ್ನ ಮಗ್ಗುಲಲ್ಲೇ ಕುಳಿತಿದ್ದರು. ಶೈಲಾ ಚುರಮುರಿ ಸುಸಲಾದ ತಟ್ಟೆ ಹಿಡಿದು ಬರುತ್ತಿದ್ದಳು. ಗುರುತಿಲ್ಲದ ನಂಬರಿನಿಂದ ಫೋನು ಬಂತು. "ನಾನು ಗಂಗಾರಾಮ, ಕಾರವಾರದವನು. ನಂದಾ ಜೊತೆ ಡೈವಿಂಗ್ ಮಾಡ್ತೇನೆ. ನೀವು ಅವಳ ತಾಯಿ ಅಲ್ವಾ? ಅವಳು ಗುಹೆಯೊಳಗೆ ಸಿಕ್ಕಿಹಾಕಿಕೊಂಡಿದ್ದಳು..."

ಗದ್ದಲದಲ್ಲಿ ಸರಿಯಾಗಿ ಕೇಳಿಸಲಿಲ್ಲ ಎಂದು ಬರೆಯಬೇಕೆಂದೇ ಪೆನ್ನು ಹಿಡಿದಿದ್ದೆ. ಇಲ್ಲ ನಂದಾ. ಗುಹೆ ಅಂದದ್ದು ನನಗೆ ಕೇಳಿಸಿತ್ತು. ಸಿಕ್ಕಿಹಾಕಿಕೊಂಡಿದ್ದಳು ಅಂದದ್ದೂ ಕೇಳಿಸಿತ್ತು. ಸಾತವ್ವ ನನ್ನ ಮುಖವನ್ನೇ ನೋಡುತ್ತಿದ್ದರು. "ರಾಂಗ್ ನಂಬರ್ ರೀ. ನೀವು ಕೇಳೋ ಮಂದಿ ಇಲ್ಲಿ ಯಾರೂ ಇಲ್ಲ," ಅಂದೆ. ಫೋನು ಬಂದ್ ಮಾಡಿ ಸೆರಗಿನಲ್ಲಿ ಮುಚ್ಚಿಟ್ಟೆ. ಯಾರು ಎಂದು ಅವರು ಕೇಳಿದರು. "ಬ್ಯಾಂಕಿನವ್ರು. ಸಾಲ ಬೇಕೇನು ಅಂತ ಜೀವಾ ತಿಂತಾರ," ಅಂದೆ. ಅವರು ನಕ್ಕರು. ನಾನೂ ನಕ್ಕೆ. ಆಮೇಲೆ ಎಲ್ಲರಿಗೂ ಹೋಳಿಗೆ ಬಡಿಸಿದೆ.

ಅವರು ಹೋದ ಮೇಲೆ ಬಚ್ಚಲಿನ ಬಾಗಿಲು ಹಾಕಿಕೊಂಡು ಗಂಗಾರಾಮನಿಗೆ ಫೋನು ಹಚ್ಚಿದೆ. ಅವನು ಒಂದು ಮಾತೂ ಬೈಯಲಿಲ್ಲ. ನೀನು ಬದುಕಿದ್ದೀ ಎಂದು ಮೊದಲು ಹೇಳಿ, ಆಮೇಲೆ ನಡೆದದ್ದನ್ನು ಹೇಳಿದ. ದಟ್ಟ ಅಡವಿಯ ನಡುವೆ ಬಾವಿಯಂಥ ಗುಂಡಿ, ಅದರ ತಳದಿಂದ ಗುಹೆ. ಮೇಲಿನ ಗಿಡಗಳ ಬೇರುಗಳು ಕಲ್ಲು ಸೀಳಿ ನೀರಿನೊಳಗೆ ಜೋತುಬಿದ್ದಿರುತ್ತವಂತೆ. ಗುಹೆಯ ಬಾಯಿಂದ ಬಿಚ್ಚುತ್ತ ಹೋದ ದಾರವನ್ನು ಹಿಡಿದೇ ತಿರುಗಿ ಬರಬೇಕಂತೆ. ಮೇಲಿನಿಂದ ಬಂಡೆ ಕಳಚಿ ಬಿದ್ದು ದಾರ ಕಡಿಯಿತು. ರಾಡಿ ಎದ್ದು ದೀಪವೂ ಕಾಣದಾಯಿತು. ತಡವರಿಸುತ್ತ ಹೋದ ನಿನಗೆ ಗುಹೆಯ ಮಾಳಿಗೆಯ ಸಂದಿಯೊಂದರಲ್ಲಿ ಗಾಳಿ ಸಿಕ್ಕಿತು. ಕುತ್ತಿಗೆತನಕ ನೀರು, ಸುತ್ತಲೂ ಕಪ್ಪು. ಅಲ್ಲಿ ನೀನು ಉಸಿರನ್ನು ಉಳಿಸಿ ಉಳಿಸಿ ಆಡುತ್ತಿದ್ದೆ. ಗಂಗಾರಾಮ ಬೇರೆ ದಾರ ಕಟ್ಟಿಕೊಂಡು ಮತ್ತೆ ಮತ್ತೆ ಒಳಗೆ ಹುಡುಕಿದ. ನಿನ್ನ ಕಾಲು ಅವನ ಕೈಗೆ ಹತ್ತುವಷ್ಟರಲ್ಲಿ ನಿನಗೆ ಅರ್ಧ ಎಚ್ಚರ ತಪ್ಪಿತ್ತು.

ಆಸ್ಪತ್ರೆಯಲ್ಲಿ, ಆಳದಿಂದ ಅವಸರದಲ್ಲಿ ಮೇಲೆ ಬಂದವರನ್ನು ಇಡುವ ಒತ್ತಡದ ಕೋಣೆಗೆ ಒಯ್ಯುವ ಮುಂಚೆ, ಅವ್ವನ ಕೂಡ ಒಂದು ಮಾತಾಡಬೇಕು ಎಂದು ನೀನು ಕೇಳಿದೆ. ಒಳಗೆ ಫೋನು ಬಿಡುವುದಿಲ್ಲ. ಅದಕ್ಕೇ ಅವನು ಹಚ್ಚಿದ್ದ.

"ಸ್ಪೀಕರ್ ಹಾಕಿದ್ದೆ ಅಮ್ಮಾ," ಅಂದ. "ಫೋನು ಅವಳ ಕಿವಿ ಹತ್ರಾನೇ ಇತ್ತು."

ಅಂದರೆ ನೀನು ಕೇಳಿದ್ದೀ. ಕೇಳಿಯೂ, ಆ ಕೋಣೆಯಿಂದ ಹೊರಬಂದ ಮೇಲೆ ನೀನೇ ಫೋನು ಮಾಡಿ, "ಶೈಲಾನ ಮಾತುಕತಿ ಆತೇನಬೇ?" ಎಂದು ಕೇಳಿದೆ. ನನ್ನ ಸುಳ್ಳನ್ನು ನೀನು ನುಂಗಿಕೊಂಡೆ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಈಗ ಅಳುವುದಕ್ಕೂ ನಾಚಿಕೆ. ಕುಂಕುಮ ಹಚ್ಚಿಕೊಳ್ಳುವಾಗ ಕನ್ನಡಿಯಲ್ಲಿ ನನ್ನ ಬಾಯಿ ನೋಡಲಾಗುವುದಿಲ್ಲ.

ಮೊನ್ನೆ ಸಾತವ್ವನಿಗೆ ಎಲ್ಲ ಹೇಳಿದ್ದೇನೆ. ಶೈಲಾಳ ಮದುವೆ ಮುರಿದಿಲ್ಲ. ನೀನು ಬರಬೇಕು. ಬಾರದಿದ್ದರೂ ಯಾಕೆ ಎಂದು ಕೇಳುವ ಹಕ್ಕು ನನಗಿಲ್ಲ.

ಕ್ಷಮಿಸು ಅನ್ನುವ ಧೈರ್ಯವೂ ಇಲ್ಲದ,
ನಿನ್ನ ಅವ್ವ
ಅನಸವ್ವ

ತಾ.ಕ.: ಈ ಹಾಳೆಗಳ ಫೋಟೊ ತೆಗೆದು ಶೈಲಾ ನಿನಗೆ ಕಳಿಸುತ್ತಾಳೆ. ಓದದೇ ಬಿಡುವವಳಲ್ಲ ಅವಳು. ಅದಕ್ಕೆ ಮೊದಲೇ ಬರೆದುಬಿಡುತ್ತೇನೆ: ಸಾತವ್ವನಿಗೆ ಹೇಳಿದವಳು ನಾನಲ್ಲ, ಶೈಲಾ. ಸೀರೆ ಆರಿಸಲು ರಬಕವಿಗೆ ಹೋದಾಗ ಅಂಗಡಿಯಲ್ಲೇ ಮಾತು ತೆಗೆದಳು. "ಸುಮ್ಕಿರಲೇ" ಎಂದು ನಾನು ಅವಳ ಸೊಂಟ ಚಿವುಟಿದೆ. ನನ್ನ ಕೈ ಸರಿಸಿ, ಬಚ್ಚಲಿನ ಬಾಗಿಲ ಹೊರಗಿನಿಂದ ಕೇಳಿಸಿಕೊಂಡಿದ್ದ ಫೋನಿನ ಸಂಗತಿ ಸಹಿತ ಪೂರ್ತಿ ಹೇಳಿದಳು. ಸಾತವ್ವ ಕೈಯಲ್ಲಿದ್ದ ಸೀರೆ ಕೆಳಗಿಟ್ಟು, ನನ್ನ ಕಡೆ ತಿರುಗಿ, "ಈಗ ಹೆಂಗದಾಳರೀ ಹುಡುಗಿ?" ಅಂದರು. ನಿನ್ನ ಮುಖವನ್ನೇ ನೋಡದವರು ಅವರು. ಅವತ್ತು ಫೋನಿನಲ್ಲಿ ನಾನು ಕೇಳಬೇಕಿದ್ದದ್ದು ಅದೊಂದೇ ಮಾತು.