ತೊಟ್ಟಿಲ ಕೊಂಡಿಯ ಮೇಲಿನ ಅಪವಾದ

ಮಲ್ಕಾಜ್‌ಗಿರಿ, ಹೈದರಾಬಾದ್
14-6-2024

ಮಹೇಶನ ಅಪ್ಪನವರಿಗೆ ಗುರುಬಾಯಿಯ ಶರಣು.

ನಿಮ್ಮ ಆರೋಗ್ಯ ಹೇಗಿದೆ? ಬಿಪಿ ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀರೋ, ಇಲ್ಲ ನಾನಿಲ್ಲವೆಂದು ಉಪ್ಪಿನಕಾಯಿ ನೆಕ್ಕುತ್ತಾ ಕೂತಿದ್ದೀರೋ? ನೀವು ಅಲ್ಲಿಗೆ ಹೋದ ಮೇಲಾದರೂ ಮೈದುನ ಬಸವಲಿಂಗಪ್ಪ ಆಪರೇಷನ್ನಾದ ಕಾಲು ಊರಿ ನಡೆಯುತ್ತಿದ್ದಾನೆಯೇ? ಫೋನಿನಲ್ಲಿ ಹೇಳಹೋದರೆ ನೀವು ಅರ್ಧಕ್ಕೇ ರೇಗುತ್ತೀರಿ. ಕಾಗದದ ಬಾಯಿ ಮುಚ್ಚಿಸಲು ಬರುವುದಿಲ್ಲ. ನಾಳೆ ಮಹೇಶ ಕಾಚಿಗೂಡದಲ್ಲಿ ರಾಯಚೂರಿನ ರೈಲು ಹತ್ತುತ್ತಾನೆ, ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ಮೊದಲು ಸಮಾಧಾನದ ಮಾತು: ನಮ್ಮ ಮನೆ ಗಟ್ಟಿಯಾಗಿದೆ. ಭಾನುವಾರದ ಮಳೆಗೆ ಮೇಲಿನ ಬಾಡಿಗೆ ಮನೆಯ ಛತ್ತಿನಿಂದ ಗಿಲಾವು ಬಿತ್ತೆಂದು ಹೇಳಿದ್ದೆನಲ್ಲ, ರೊಟ್ಟಿ ಹಂಚಿನಷ್ಟು ದೊಡ್ಡ ಹೆಂಟೆ, ನೇರ ತೊಟ್ಟಿಲೊಳಗೆ. ಆ ಮನೆಯ ಚಿತ್ರಾಳ ಕೂಸು ಆಗ ಕೆಳಗೆ ನನ್ನ ಕಾಲ ಮೇಲೆ ಎಣ್ಣೆ ಹಚ್ಚಿಸಿಕೊಳ್ಳುತ್ತಿತ್ತು. ನಾಲ್ಕು ದಿನ ಅನ್ನ ಸೇರಲಿಲ್ಲ. ಇಡೀ ಛತ್ತೇ ಕೂತುಬಿಟ್ಟರೆ ನಮ್ಮನ್ನು ನಂಬಿ ಬಂದವರ ಗತಿಯೇನು ಎಂದು. ನೀವೋ, ಚಿತ್ರಾಳ ಗಂಡ ತರುಣನಿಗೆ ಫೋನಿನಲ್ಲೇ ತೀರ್ಪು ಕೊಟ್ಟಿರಿ: "ತೊಟ್ಟಿಲ ಕೊಂಡಿ ಹಾಕಾಕ ಛತ್ತಿಗೆ ತೂತು ಕೊರದೀರಿ, ಅಲ್ಲಿಂದನ ನೀರು ಇಳದೈತಿ. ತಿಂಗಳಾ ಮುಗಿಯೂದ್ರಾಗ ಮನಿ ಖಾಲಿ ಮಾಡ್ರಿ." ಉಡುಪಿ ಕಡೆಯ ಮೆತ್ತನೆಯ ಹುಡುಗ, ಆ ಸಂಜೆಯೇ ಪಾತ್ರೆ ಕಟ್ಟತೊಡಗಿದ.

ನಿನ್ನೆ ಸನತ್‌ನಗರದಿಂದ ಮೇಸ್ತ್ರಿ ಬಂದ. ತಾರಸಿಗೆ ಹತ್ತಿದವನೇ ನನ್ನನ್ನು ಕೂಗಿ ಕರೆದ. ಮೊಣಕಾಲು ಹಿಡಿದುಕೊಂಡು ಹತ್ತಿ ನೋಡಿದರೆ ಗೇಣುದ್ದ ನೀರು! ಮಳೆನೀರು ಇಳಿಯುವ ತೂತಿಗೆ ಬಟ್ಟೆ ತುರುಕಿತ್ತು. ಬೇಸಿಗೆಯಲ್ಲಿ ವರ್ಷದ ಗೋಧಿ ತೊಳೆದು ಒಣಹಾಕಿದೆವಲ್ಲ, ಕಾಳು ಹರಿದುಹೋಗದಿರಲೆಂದು ತುರುಕಿದ್ದು, ತೆಗೆಯಲು ಮರೆತದ್ದು. ಅವನು ಕಿತ್ತ ಕೂಡಲೇ ನೀರು ಬುಳುಬುಳು ಇಳಿಯಿತು. ಆಮೇಲೆ ಸುತ್ತಿಗೆಯಿಂದ ಛತ್ತನ್ನೆಲ್ಲ ಬಡಿದು ನೋಡಿ "ಭಯಂ ಲೇದಮ್ಮಾ" ಎಂದ. ಕಂಬಿಗೆ ತುಕ್ಕು ಹಿಡಿದಿಲ್ಲ, ತೊಟ್ಟಿಲ ಕೊಂಡಿಯ ಬುಡದಲ್ಲಿ ಒಂದು ಬಿರುಕೂ ಇಲ್ಲ.

ತಾರಸಿಯ ಬೀಗದ ಕೈ ಇರುವುದು ನಮ್ಮ ದೇವರ ಗೂಡಿನಲ್ಲಿ. ಇನ್ನು ಬಾಡಿಗೆಯವರ ಮೇಲೆ ಅಪವಾದ ಹೇಗೆ ಹಾಕುವುದು? "ನಾನ ತುರುಕಿದ್ದೆಪಾ, ತಪ್ಪು ನಂದೈತಿ" ಎಂದು ತರುಣನ ಮುಂದೆ ಒಪ್ಪಿಕೊಂಡೆ. ಛತ್ತು ಪೂರ್ತಿ ಆರಿದ ಮೇಲೆ ಹೊಸ ಗಿಲಾವು. ಅಲ್ಲಿಯವರೆಗೆ ತಾಯಿ ಮಗು ನಮ್ಮ ಕೋಣೆಯಲ್ಲಿ. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು ನೋಡಿ. ನಿನ್ನೆ ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚಿಗೇ ಉಂಡೆ.

ಬಸವಲಿಂಗಪ್ಪನಿಗೆ ಆಶೀರ್ವಾದ. ಅವನ ಹೆಂಡತಿ ಭವಾನಿಗೆ ಶೇಂಗಾ ಚಟ್ನಿ ಕಳಿಸಿದ್ದೇನೆ. ಅದು ಅವಳಿಗೆ, ನಿಮಗಲ್ಲ.

ನಿಮ್ಮ
ಗುರುಬಾಯಿ

ಮೇಲೆ ಬರೆಯದೆ ಬಿಟ್ಟದ್ದು: ಮಹೇಶ ಚೀಲ ಕಟ್ಟುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಆ ಬಟ್ಟೆ ನಿಮ್ಮ ಹಳೆಯ ಧೋತರ. ಅಂಚಿಗೆ ನಾನು ಹಾಕಿದ ನೀಲಿ ದಾರದ ಹೊಲಿಗೆ ಹಾಗೇ ಇದೆ. ತುರುಕಿದ ಕೈ ಯಾವುದೆಂದು ನಿಮಗೇ ಗೊತ್ತು. ನನ್ನ ತಪ್ಪೊಪ್ಪಿಗೆ ಕೇಳಿ ಚಿತ್ರಾ ಮೆಲ್ಲಗೆ, "ಅಮ್ಮಾ, ನೀವು ಪಂಚೆ ಉಡುವುದುಂಟಾ?" ಎಂದು ನಕ್ಕಳು. ತರುಣ ಮಾತ್ರ ನಗಲಿಲ್ಲ. ಖಾಲಿ ಮಾಡಲು ಕಟ್ಟಿಟ್ಟ ಪಾತ್ರೆಯ ಡಬ್ಬಗಳನ್ನು ಅವನು ಇನ್ನೂ ಬಿಚ್ಚಿಲ್ಲ. ಈ ಕಾಗದ ಮಡಚುವ ಮೊದಲು ಫೋನ್ ಮಾಡಿ. ನನಗಲ್ಲ, ತರುಣನಿಗೆ.